ಖಾಜಾಬನಿಯ ಮೂಗು, ನನ್ನ ನೊಣ

ಗಂಗಾವತಿಯ ಗಂಜ್‌ನಲ್ಲಿ ಬೆಳಗಿನ ಆರಕ್ಕೇ
ಚೀಲದ ಹೊಟ್ಟೆಗೆ ಉಕ್ಕಿನ ನಳಿಗೆ ಚುಚ್ಚುತ್ತಾಳೆ ಖಾಜಾಬನಿ.
ಅಂಗೈಗೆ ಉದುರಿದ ಹಿಡಿ ಭತ್ತಕ್ಕೆ ಹಾ ಎಂದು ಉಸಿರು ಬಿಟ್ಟು
ಆಮೇಲೆ ಮೂಸುತ್ತಾಳೆ, ಮೊದಲು ಎಡ ಹೊಳ್ಳೆಯಿಂದ.
"ಇದು ಕಾಲುವಿ ಕೊನಿದು. ತಡಾ ಮಾಡಿ ನೀರು ಕಂಡೈತಿ.
ಎರಡು ರಾತ್ರಿ ತಾಡಪತ್ರಿ ಬುಡಕ ಬೆವೆತೈತಿ."
ಗುಮಾಸ್ತ ತಾಯಪ್ಪ ಬರೆದುಕೊಳ್ಳುತ್ತಾನೆ: ತೇವ ಹದಿನೇಳು.
ಮೀಟರು ಅದನ್ನೇ ಹೇಳುತ್ತದೆ, ನಿಧಾನಕ್ಕೆ, ಕೆಮ್ಮಿಕೊಂಡು.

ನಾನು ಬಂದದ್ದು ಹದಿನಾಲ್ಕು ಸೆನ್ಸರುಗಳ ಡಬ್ಬಿ ಹಿಡಿದು,
ಲ್ಯಾಪ್‌ಟಾಪಿನಲ್ಲಿ ಒಂದು ನೊಣದ ಮಿದುಳನ್ನು ಕೂರಿಸಿಕೊಂಡು.
ಕಳಿತ ಬಾಳೆಹಣ್ಣಿನ ಮೇಲೆ ಏಳುತ್ತದಲ್ಲ, ಆ ಸಣ್ಣ ನೊಣ.
ಅದರೊಳಗೆ ಐವತ್ತು ಗಂಟುಗಳು ವಾಸನೆ ಹಿಡಿಯುತ್ತವೆ,
ಎರಡು ಸಾವಿರ ಕೋಶಗಳು ಅವಕ್ಕೆ ಕಿವಿಗೊಡುತ್ತವೆ.
ಯಾವುದು ಯಾವುದಕ್ಕೆ? ನಿಯಮ ಬಹುತೇಕ ಇಲ್ಲ.
ಒಂದೊಂದೂ ಆರೇಳು ಎಳೆಗಳನ್ನು ಕಣ್ಣು ಮುಚ್ಚಿ ಹಿಡಿದುಕೊಂಡಿದೆ,
ಚೀಟಿ ಎತ್ತಿದ ಹಾಗೆ.
ಎಲ್ಲವೂ ಒಟ್ಟಿಗೆ ಅರಚಬಹುದಿತ್ತು.
ಒಂದೇ ಒಂದು ದೈತ್ಯ ನರ ಎಲ್ಲರ ಮೇಲೂ ತೋಳು ಚಾಚಿ
ಶ್‌ಶ್ ಅನ್ನುತ್ತದೆ.
ಮಾತಾಡಲು ಉಳಿಯುವುದು ನೂರು. ಆ ನೂರೇ ವಾಸನೆಯ ಗುರುತು.
ಬೇರೆ ವಾಸನೆಗೆ ಬೇರೆ ನೂರು;
ಹತ್ತಿರದ್ದಾದರೆ ಒಂದಷ್ಟು ಮುಖಗಳು ಅವೇ.

ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿದಾಗ ಅವಳಿಗೆ ಇಷ್ಟೂ ಹೇಳಿದೆ.
ಪುಂಡಿಪಲ್ಯದ ಹುಳಿ ಗಾಳಿಗೆ ಹತ್ತಿ ಪರದೆಯ ಮೇಲೆ ಗೆರೆ ಜಿಗಿಯಿತು.
"ನಿನ್ನ ಡಬ್ಬಿಗೂ ಹಸಿವಾಗೇತಿ," ಅಂದಳು.
ತುತ್ತು ನುಂಗಿ ಕೇಳಿದಳು:
"ಉಳಿದ ಸಾವಿರದ ಒಂಬೈನೂರು ಏನ್ ಮಾಡ್ತಾವ?"
ಸುಮ್ಮನಿರುತ್ತವೆ.
"ಅದಕ್ಕೂ ಪಗಾರ ಐತೇನು?"

ನಾನು ಅವನ್ನು ಸೊನ್ನೆ ಎಂದು ಬರೆದಿದ್ದೆ.
ಸೊನ್ನೆಗೆ ಜಾಗ ಯಾಕೆಂದು ಅಳಿಸಿ ಮೆಮರಿ ಉಳಿಸಿದ್ದೆ.

ವಾಸನೆಗಳಿಗೆ ಹೆಸರು ಬೇಕಿತ್ತು ನನಗೆ:
ಮುಗ್ಗಲು, ಕಮಟು, ಹುಳಿ, ಹಸಿ, ಹೊಗೆ. ಐದು ಕಾಲಂ.
ಅವಳು ಒಂದಕ್ಕೂ ಒಪ್ಪಲಿಲ್ಲ.
"ಇದು ಮೊನ್ನಿ ಕಾರಟಗಿ ಚೀಲದ ತಂಗಿ. ಇದು ಅದರ ಸವತಿ."
ನನ್ನ ತಖ್ತೆಯಲ್ಲಿ ಸವತಿಗೆ ಮನೆಯಿರಲಿಲ್ಲ.
ಲಾಡ್ಜಿನ ಫ್ಯಾನಿನ ಕೆಳಗೆ ರಾತ್ರಿಯೆಲ್ಲ ಹೆಸರುಗಳನ್ನು ಕಿತ್ತೆ.
ನೂರರಲ್ಲಿ ಎಷ್ಟು ಮಂದಿ ಇಬ್ಬರಿಗೂ ಸೇರಿದವರು, ಅಷ್ಟನ್ನೇ ಎಣಿಸಿದೆ.
ತಂಗಿಗೆ ಮೂವತ್ತೆಂಟು. ಸವತಿಗೆ ಒಂಬತ್ತು.
ಬೆಳಗಾದಾಗ ಚಹಾದಲ್ಲಿ ಒಂದು ನಿಜವಾದ ನೊಣ ಬಿದ್ದಿತ್ತು,
ಎರಡು ಸಾವಿರವೂ ಸುಮ್ಮನಾಗಿ.

ಮೂರನೆಯ ದಿನದ ಪರೀಕ್ಷೆಗೆ ಮೂವತ್ತು ಚೀಲ.
ಡಬ್ಬಿ ಇಪ್ಪತ್ತಾರನ್ನು ಸರಿ ಹೇಳಿತು. ಗಿರಣಿ ಮಾಲೀಕರು ಚಪ್ಪಾಳೆ ಹೊಡೆದರು.
ಸಂಜೆ ಗೊತ್ತಾಯಿತು. ಅದು ಮೂಸಿದ್ದು ಭತ್ತವನ್ನಲ್ಲ, ಗೋಣಿಯನ್ನು;
ಕಾರಟಗಿಯವರ ಹೊಸ ಗೋಣಿಗೆ ಮೆತ್ತಿದ ಎಣ್ಣೆ ಜಿಡ್ಡನ್ನು.
ಮಾಲೀಕರಿಗೆ ಹೇಳುವ ಮೊದಲು ಅವಳಿಗೆ ಹೇಳಿದೆ.
"ಹನ್ನೊಂದು ವರ್ಷದಾಕಿ ಇದ್ದಾಗ ನಾನೂ ಹಂಗೇ ಮಾಡ್ತಿದ್ದೆ," ಅಂದಳು.
"ಅಮ್ಮಾ ಚೀಲ ಅದಲುಬದಲು ಮಾಡಿ, ತಪ್ಪಿದ್ರ ಮುಂಗೈಗೆ ಬಾರಸ್ತಿದ್ಲು."
ನೊಣ ಕಲಿಯುವುದೂ ಹೀಗೇ ಎಂದು ಹೇಳಹೊರಟೆ:
ಪೆಟ್ಟು ಬಿದ್ದಾಗ ಹೊಸ ಹುರಿ ಸೇರುವುದಿಲ್ಲ,
ಇದ್ದ ಎಳೆಯೊಂದು ತೆಳುವಾಗುತ್ತದೆ.
ಅವಳು ಮುಂಗೈ ತಿಕ್ಕಿಕೊಳ್ಳುತ್ತಿದ್ದಳು.

ಖಾಲಿ ಗೋಣಿಯೊಂದನ್ನು ಒಳಮೈ ತಿರುವಿ
ನನ್ನ ಮುಖಕ್ಕೆ ಹಿಡಿದಳು. "ಮೂಸು."
ಧೂಳಿಗೆ ಎರಡು ಸೀನು ಬಂದವು.
ಧೂಳಿನ ಹಿಂದೆ ಏನೋ ಇತ್ತು, ಒಣಗಿದ್ದು, ತುಸು ಸಿಹಿ.
ಎಲ್ಲೋ ಒಂದಷ್ಟು ಎದ್ದು ನಿಂತವು, ಎಷ್ಟೆಂದು ಎಣಿಸಲಾಗಲಿಲ್ಲ.
"ಯಾರ ತಂಗಿ?"
ಹಿಂದಕ್ಕೆ ಬರುತ್ತಿದ್ದ ಲಾರಿಗೆ ತಾಯಪ್ಪ ಕೂಗುತ್ತಿದ್ದ,
ಬಾ, ಬಾ, ಬಾ, ಸಾಕು.
ತಡಿ, ಅಂದೆ.
ಇನ್ನೊಮ್ಮೆ, ಎಡ ಹೊಳ್ಳೆಯಿಂದ.